ಎಡಗಾಲಿನ ಗುಳ್ಳೆಗಳು

ಹಿಂಡಿ ಅಂಗಡಿಯ ಹಿಂದಿನ ಕೋಣೆಗೆ ಎರಡು ಬಾಗಿಲು. ಅಂಗಡಿಯ ಕಡೆಗಿನದಕ್ಕೆ ಒಳಗಿನಿಂದ ಸದಾ ಚಿಲಕ. ಒಮ್ಮೆ ಚಿಲಕ ಮರೆತು, ಹಿಂಡಿ ಒಯ್ಯಲು ಬಂದ ರೈತನೊಬ್ಬ ನೇರ ಒಳಗೆ ನುಗ್ಗಿ, ಮೊಣಕಾಲಿನ ತನಕ ಬಟ್ಟೆ ಎತ್ತಿಕೊಂಡು ಮಲಗಿದ್ದ ಶಾಲೆಯ ಟೀಚರನ್ನು ನೋಡಿ, “ಎರಡು ಮೂಟೆ” ಎನ್ನುವ ಮಾತನ್ನು ಅರ್ಧಕ್ಕೇ ನುಂಗಿಕೊಂಡಿದ್ದ. ಆತ ಆಮೇಲೆ ಹಿಂಡಿ ಕೊಳ್ಳಲು ಬೇರೆ ಊರಿಗೆ ಹೋಗತೊಡಗಿದ ಎಂದು ಅಂಗಡಿಯವರಿಗೆ ಇವತ್ತಿಗೂ ಸಿಟ್ಟಿದೆ. ಓಣಿಯ ಕಡೆಗಿನ ಬಾಗಿಲಿಗೆ ಹೂವಿನ ಪರದೆ. ಹೆಂಗಸರು ಬರುವುದು ಅಲ್ಲಿಂದ. ಒಳಗೆ ಒಂದು ಕಬ್ಬಿಣದ ಮಂಚ, ವ್ಯಾಕ್ಸ್ ಕಾಯಿಸುವ ಪಾತ್ರೆ, ಕತ್ತರಿಸಿಟ್ಟ ಬಟ್ಟೆಪಟ್ಟಿಗಳ ಡಬ್ಬ, ಪೌಡರು, ಕನ್ನಡಿ. ಹಿಂಡಿಯ ವಾಸನೆ ಮಾತ್ರ ಯಾವ ಪೌಡರಿಗೂ ಬಗ್ಗಿದ್ದಲ್ಲ.

ಈ ಕೋಣೆಯ ಒಡತಿ ಊರಿಗೆಲ್ಲ ‘ಪಾರ್ಲರ್ ಅಕ್ಕ’. ಮನೆಯಲ್ಲಿ, ಅಕ್ಕನ ಮಗಳ ಪಾಲಿಗೆ, ಚಿಕ್ಕಮ್ಮ. ನಾವೂ ಹಾಗೇ ಕರೆಯೋಣ. ಹದಿನಾಲ್ಕು ವರ್ಷದಿಂದ ಊರಿನ ಹೆಂಗಸರ ಕಾಲಿನ ಕೂದಲು ಕಿತ್ತು ಕಿತ್ತು ಚಿಕ್ಕಮ್ಮನಿಗೆ ಎಂಥ ಅನುಭವ ಬಂದಿತ್ತೆಂದರೆ, ಮುಖ ಮುಚ್ಚಿಕೊಂಡು ಬಂದರೂ ಮೀನಖಂಡ ನೋಡಿಯೇ ಇದು ಯಾರ ಮನೆಯ ಸೊಸೆ ಎಂದು ಹೇಳಿಬಿಡುತ್ತಿದ್ದಳು.

ಪಟ್ಟಿ ಎಳೆಯುವುದು ಅರ್ಧ ಕೆಲಸ. ಉಳಿದರ್ಧ ಉಪದೇಶ.

“ನೋಡಿ, ಎರಡು ದಿನ ಬಿಸಿನೀರು ಮುಟ್ಟಬೇಡಿ. ಬಿಗಿ ಪ್ಯಾಂಟು ಬೇಡ. ಘಮಘಮ ಅನ್ನೋ ಕ್ರೀಮು ಬೇಡ. ಬೆವರೋ ಕೆಲಸ ಬೇಡ. ಮೂರನೇ ದಿನದಿಂದ ಒದ್ದೆ ಬಟ್ಟೇಲಿ ಮೆಲ್ಲಗೆ, ಮಗು ಕೆನ್ನೆ ಒರೆಸ್ತೀರಲ್ಲ ಹಾಗೆ, ಸುತ್ತಿ ಸುತ್ತಿ ಉಜ್ಜಿ. ಸತ್ತ ಚರ್ಮ ಹೋಗ್ಬೇಕು. ಇಲ್ದಿದ್ರೆ ಹೊಸ ಕೂದಲಿಗೆ ಹೊರಗೆ ಬರೋ ದಾರಿ ಸಿಗಲ್ಲ, ಒಳಗೇ ಸುರುಳಿ ಸುತ್ಕೊಂಡು ಗುಳ್ಳೆ ಆಗುತ್ತೆ. ಆದ್ರೂ ಕೆರೀಬೇಡಿ. ಚುಚ್ಚಲಂತೂ ಬೇಡಿ.”

ಒಟ್ಟು ಏಳು ನಿಯಮ. ಒಂದೂ ತಪ್ಪಲ್ಲ. ಹೆಂಗಸರು “ಆಯ್ತಕ್ಕ, ಆಯ್ತಕ್ಕ” ಎಂದು ತಲೆಯಾಡಿಸಿ, ಮನೆಗೆ ಹೋಗಿ, ಒಲೆಯ ಮೇಲೆ ನೀರಿಟ್ಟು ಹಂಡೆಗಟ್ಟಲೆ ಸುರಿದುಕೊಳ್ಳುತ್ತಿದ್ದರು. ಇನ್ನು ಬೆವರದ ಕೆಲಸ ಎಂದರೆ ಆ ಊರಿನಲ್ಲಿ ಇದ್ದದ್ದು ಎರಡೇ: ಮಧ್ಯಾಹ್ನ ಮಲಗುವುದು ಮತ್ತು ಹಾಲಿನ ಸಂಘದ ಸಭೆಯಲ್ಲಿ ಕೂರುವುದು. ಎರಡನ್ನೂ ಗಂಡಸರು ಮೊದಲೇ ವಹಿಸಿಕೊಂಡಿದ್ದರು.

ಹೀಗಾಗಿ ಯಾರಾದರೂ ಕಾಲು ತೋರಿಸಿಕೊಂಡು ಬಂದರೆ ಚಿಕ್ಕಮ್ಮನ ವಿಚಾರಣೆ ಬಹಳ ಹೊತ್ತು ನಡೆಯುತ್ತಿರಲಿಲ್ಲ. ಚಳಿಗಾಲದ ಶುರುವಿನಲ್ಲಿ ಡೈರಿಯಲ್ಲಿ ಹಾಲು ಅಳೆಯುವಾಕೆ ಬಂದಿದ್ದಳು.

“ಅಕ್ಕ, ನೋಡಿಲ್ಲಿ. ಕೆಂಪಗೆ ಬೊಕ್ಕೆ ಬೊಕ್ಕೆ.”

“ಬಿಸಿನೀರು ಹಾಕ್ಕೊಂಡ್ರಾ?”

“ಅಯ್ಯೋ, ಒಂದೇ ಒಂದು ಚೊಂಬು. ಅದೂ ಉಗುರುಬೆಚ್ಚಗೆ...”

“ಅದೇ ಮತ್ತೆ! ನಾನೇನು ಬಾಯಿ ನೋವಾಗ್ಲಿ ಅಂತ ಹೇಳ್ತೀನಾ?”

ಡೈರಿಯವಳು ತಪ್ಪೊಪ್ಪಿಕೊಂಡವಳ ಹಾಗೆ ತಲೆ ತಗ್ಗಿಸಿ ಹೋದಳು. ಏಳರಲ್ಲಿ ಒಂದನ್ನೂ ಮುರಿಯದ ಹೆಂಗಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ, ಹದಿನಾಲ್ಕು ವರ್ಷದಲ್ಲಿ ಚಿಕ್ಕಮ್ಮನಿಂದ ಒಂದೇ ಒಂದು ತಪ್ಪೂ ಆಗಿರಲಿಲ್ಲ. ಈಚೆಗೆ ಮೂರು ತಿಂಗಳಿಂದ ಇಂಥ ದೂರು ಸ್ವಲ್ಪ ಹೆಚ್ಚಾಗಿದ್ದು ನಿಜ. ಅದಕ್ಕೂ ಕಾರಣ ಸಿಕ್ಕಿತ್ತು: ಹವೆ ಸರಿಯಿಲ್ಲ, ಕೊಳವೆಬಾವಿಯ ನೀರು ಗಡುಸು, ಹೆಂಗಸರು ಮೊದಲಿನ ಹಾಗಿಲ್ಲ.

ಆ ಮೂರು ತಿಂಗಳ ಹಿಂದೆ ಎದುರು ಮಹಡಿಯಲ್ಲಿ ಇನ್ನೊಂದು ಪಾರ್ಲರು ಶುರುವಾಗಿತ್ತು. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಹಿಂಡಿಯ ವಾಸನೆ ಇಲ್ಲ. ಚಿಕ್ಕಮ್ಮನಿಗೆ ಅದರ ಬಗ್ಗೆ ಕಿಂಚಿತ್ತೂ ಚಿಂತೆ ಇರಲಿಲ್ಲ. ಚಿಂತೆ ಇಲ್ಲದ್ದಕ್ಕೇ, ಕೋಣೆಯ ನಡುವೆ ಇದ್ದ ಮಂಚವನ್ನು ಎಳೆದು ಕಿಟಕಿಯ ಗೋಡೆಗೆ ಅಂಟಿಸಿದ್ದಳು. ಅಲ್ಲಿ ನಿಂತು ಬಗ್ಗಿದರೆ ಎದುರಿನ ಮೆಟ್ಟಿಲು ಪೂರ್ತಿ ಕಾಣುತ್ತಿತ್ತು. ಯಾರು ಹತ್ತಿದರು, ಯಾರು ಇಳಿದರು, ಇಳಿಯುವಾಗ ಕೂದಲು ಎಷ್ಟು ಕಮ್ಮಿಯಾಗಿತ್ತು. ಬರೀ ಗಾಳಿ ಬೆಳಕಿಗೆ ಎಂದು ಎಲ್ಲರಿಗೂ ಹೇಳಿದ್ದಳು.

ಅಕ್ಕನ ಮಗಳ ಹೆಸರು ಏನೇ ಇರಲಿ, ಊರು ಕರೆಯುತ್ತಿದ್ದದ್ದು ‘ಕಪ್ಪೆ’ ಎಂದು. ನಡೆಯಲು ಕಲಿತ ವರ್ಷವೇ ಕಾಲುವೆಗೆ ಬಿದ್ದು, ಎತ್ತಲು ಹಾರಿದ ಅಪ್ಪನಿಗಿಂತ ಮೊದಲು ತಾನೇ ದಡಕ್ಕೆ ಬಂದಿದ್ದಳಂತೆ. ಈಗ ಇಪ್ಪತ್ತೆರಡು. ಓದಿನಲ್ಲಿ ಅಷ್ಟಕ್ಕಷ್ಟೇ, ನೀರಿನಲ್ಲಿ ಅವಳನ್ನು ಹಿಡಿಯುವವರಿಲ್ಲ. ಪೇಟೆಯಲ್ಲಿ ಹೊಸ ಈಜುಕೊಳ ಕಟ್ಟಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಈಜು ಕಲಿಸಲು ಒಬ್ಬ ಹೆಣ್ಣುಮಗಳು ಬೇಕು ಎಂದು ಪ್ರಕಟಣೆ ಬಂದಾಗ, ಈ ಕೆಲಸವನ್ನು ತನಗಾಗಿಯೇ ತೋಡಿ ನೀರು ತುಂಬಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಈ ಕೆಲಸ ಸಿಗದಿದ್ದರೆ ಮುಂದೇನು ಎನ್ನುವುದಕ್ಕೆ ಮನೆಯಲ್ಲಿ ಉತ್ತರ ತಯಾರಿತ್ತು: ಬೆಳಿಗ್ಗೆ ಸಂಜೆ ಹನ್ನೊಂದು ಹಸು, ಜೀವನ ಪರ್ಯಂತ.

ಪ್ರಕಟಣೆಯ ಕೊನೆಯ ಸಾಲು ಹೀಗಿತ್ತು: ‘ಚರ್ಮರೋಗ ಇರುವವರನ್ನು ನೀರಿಗೆ ಇಳಿಸುವುದಿಲ್ಲ. ಪರೀಕ್ಷೆಯ ದಿನ ತಪಾಸಣೆ ಇರುತ್ತದೆ.’

ಕೂದಲಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅದನ್ನು ಸೇರಿಸಿದ್ದು ಚಿಕ್ಕಮ್ಮ.

“ಆ ಕಾಲು ಇಟ್ಕೊಂಡು ನಾಲ್ಕು ಜನರ ಮುಂದೆ ಮೊಣಕಾಲುದ್ದದ ಚಡ್ಡಿ ಹಾಕ್ಕೊಂಡು ನಿಲ್ತೀಯಾ? ಚಿಕ್ಕಮ್ಮ ಪಾರ್ಲರ್ ಇಟ್ಟಿದ್ದಾಳೆ ಅಂತ ಹೇಳ್ಕೊಳೋಕೆ ನಂಗೆ ಮರ್ಯಾದೆ ಬೇಡ್ವಾ?”

“ನೀರಲ್ಲಿ ಯಾರು ಚಿಕ್ಕಮ್ಮ ಕಾಲು ನೋಡ್ತಾರೆ?”

“ನೀರಿಗೆ ಬೀಳೋಕೆ ಮುಂಚೆ ನೋಡ್ತಾರಲ್ಲ, ಅದಕ್ಕೆ.”

ಪರೀಕ್ಷೆಗೆ ಹತ್ತು ದಿನ ಇರುವಾಗ, ಒಂದು ಭಾನುವಾರ, ಕಪ್ಪೆಯನ್ನು ಮಂಚದ ಮೇಲೆ ಮಲಗಿಸಿ ಎರಡೂ ಕಾಲು ನುಣ್ಣಗೆ ಮಾಡಿ, ಏಳು ನಿಯಮ ಹೇಳಿ ಕಳಿಸಿದ್ದಾಯಿತು. ಕೆಲಸದ ನಡುವೆ ಎದುರು ಮೆಟ್ಟಿಲನ್ನು ಟೀಚರು ಹತ್ತಿದ್ದನ್ನೂ ನೋಡಿದ್ದಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. “ನಿನ್ನ ಘನಕಾರ್ಯ ನೋಡು ಬಾ” ಎಂದಷ್ಟೇ ಹೇಳಿ ಇಟ್ಟಳು.

ಹೋಗಿ ನೋಡಿದರೆ ಅಂಗಳದಲ್ಲಿ ಸಂತೆ. ಕಪ್ಪೆ ಮಗುಚಿದ ಬಕೆಟ್ಟಿನ ಮೇಲೆ ಕುಳಿತು, ಹಾಲು ಕರೆಯುವ ಮಣೆಯ ಮೇಲೆ ಎಡಗಾಲು ಚಾಚಿದ್ದಳು. ಸುತ್ತ ಮೂವರು ವೈದ್ಯರು. ಅಕ್ಕನ ಕೈಯಲ್ಲಿ ಕಲ್ಲುಪ್ಪಿನ ಬಟ್ಟಲು. ಭಾವನ ಕೈಯಲ್ಲಿ ಹಸುವಿನ ಚಿತ್ರವಿದ್ದ ದೊಡ್ಡ ಡಬ್ಬಿ. ಅಜ್ಜಿಯ ಕೈಯಲ್ಲಿ ದೀಪಕ್ಕೆ ಹಿಡಿದು ಕಪ್ಪಾದ ಸೂಜಿ. ಕಾಲಿಗೆ ಆಗಲೇ ಟೂತ್‌ಪೇಸ್ಟ್ ಬಳಿದಿತ್ತು. ಅದನ್ನು ಯಾರು ಬಳಿದರೆಂದು ಕೊನೆಗೂ ಯಾರೂ ಒಪ್ಪಿಕೊಳ್ಳಲಿಲ್ಲ.

ಭಾವ ಹೇಳುತ್ತಿದ್ದ: “ಇದು ಕೆಚ್ಚಲಿಗೆ ಹಚ್ಚೋ ಮುಲಾಮು. ಕೆಂಚಿಗೆ ಕೆಚ್ಚಲು ಬಿರಿದಾಗ ಮೂರೇ ದಿನಕ್ಕೆ ವಾಸಿ ಆಯ್ತು.”

“ನಾನೇನು ಹಸುನಾ ಅಪ್ಪ?”

“ಹಸು ಆಗಿದ್ರೆ ಸುಮ್ನೆ ನಿಂತು ಹಚ್ಚಿಸ್ಕೊಳ್ತಿತ್ತು.”

“ಉಪ್ಪು ಹಾಕಿ ಗಸಗಸ ತಿಕ್ಕಿದ್ರೆ ಎಲ್ಲ ಕಿತ್ಕೊಂಡು ಬರುತ್ತೆ” ಎಂದಳು ಅಕ್ಕ. ಒಮ್ಮೆ ತಿಕ್ಕಿ ಆಗಿತ್ತು ಎನ್ನುವುದು ಕಾಲಿನ ಬಣ್ಣದಲ್ಲೇ ಕಾಣುತ್ತಿತ್ತು.

“ತಿಕ್ಕೋದೇನು? ಒಂದೊಂದೇ ಚುಚ್ಚಿ ಕೂದ್ಲು ಎತ್ತಿಬಿಡೋಣ. ಇಪ್ಪತ್ತಮೂರೇ ಇರೋದು” ಎಂದಳು ಅಜ್ಜಿ. ಕಣ್ಣು ಕಾಣುವುದಿಲ್ಲವೆಂದು ಎರಡು ವರ್ಷದಿಂದ ಅಕ್ಕಿ ಆರಿಸುವ ಕೆಲಸ ಬಿಟ್ಟಿದ್ದಳು. ಸೂಜಿಯ ಕೆಲಸಕ್ಕೆ ಕಣ್ಣು ಮರಳಿತ್ತು.

ಚಿಕ್ಕಮ್ಮ ಮೂವರನ್ನೂ ಹಿಂದೆ ಸರಿಸಿ, ಟೂತ್‌ಪೇಸ್ಟನ್ನು ತಣ್ಣೀರಿನಲ್ಲಿ ತೊಳೆದಳು. ಕಣಕಾಲಿನಿಂದ ಮೊಣಕಾಲಿನವರೆಗೆ, ಹೊರಮಗ್ಗುಲಲ್ಲಿ, ಅಂಗೈ ಅಗಲಕ್ಕೆ ಕೆಂಪು ಗುಳ್ಳೆಗಳು. ಕೆಲವುಗಳಲ್ಲಿ ಚರ್ಮದಡಿ ಸುತ್ತಿಕೊಂಡ ಕಪ್ಪು ಎಳೆ ದಾರದ ತುಂಡಿನಂತೆ ಕಾಣುತ್ತಿತ್ತು. ಬುಧವಾರ ಪರೀಕ್ಷೆ. ಚಿಕ್ಕಮ್ಮನ ಬಾಯಿ ತನ್ನ ಅಭ್ಯಾಸದ ದಾರಿ ಹಿಡಿಯಿತು.

“ಬಿಸಿನೀರು ಹಾಕ್ಕೊಂಡ್ಯಾ?”

“ಇಲ್ಲ.”

“ಬಿಗಿ ಪ್ಯಾಂಟು?”

“ಇಲ್ಲ. ಅಮ್ಮನ ಹಳೇ ಲಂಗ ಉಟ್ಕೊಂಡಿದ್ದೆ.”

“ಓಡೋಕೆ ಹೋಗಿರ್ತೀಯ. ಬೆವರಿರ್ತೀಯ.”

“ಎರಡು ದಿನ ಮಲಗೇ ಇದ್ದೆ. ಹಾಲು ಕರೆಯೋಕೂ ಬರಲ್ಲ ಅಂತ ಅಪ್ಪ ಬೈದ್ರು, ಕೇಳು ಬೇಕಾದ್ರೆ.” ಕಪ್ಪೆ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಏಳು ನಿಯಮ, ಏಳು ದಿನ, ಪ್ರತಿ ಚೌಕದಲ್ಲೂ ಗುರುತು. ಮೂರನೆಯ ದಿನದ ಮುಂದೆ ‘ಒದ್ದೆ ಬಟ್ಟೆ, ಮಗುವಿನ ಕೆನ್ನೆಯ ಹಾಗೆ’ ಎಂದೂ ಬರೆದಿತ್ತು. “ಕೊಳದಲ್ಲಿ ಕೆಲಸ ಅಂದ್ರೆ ನಿಯಮ ಪಾಲಿಸೋದು ಕಲೀಬೇಕಲ್ಲ. ಅದಕ್ಕೆ ಅಭ್ಯಾಸ ಮಾಡ್ಕೊಂಡೆ.”

ಚಿಕ್ಕಮ್ಮ ನೋಟ್‌ಬುಕ್ಕನ್ನು ಹಾವು ಹಿಡಿದಂತೆ ಹಿಡಿದಳು. ಹೇಳಿದ್ದನ್ನೆಲ್ಲ ಕೇಳುವ ಗಿರಾಕಿಯಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಆದರೂ ಬಿಡಲಿಲ್ಲ.

“ಗೊತ್ತಿಲ್ದೆ ಎಲ್ಲೋ ಬಿಸಿನೀರು ಬಿದ್ದಿರುತ್ತೆ ಬಿಡು.”

ಅಜ್ಜಿ ಸೂಜಿಯನ್ನು ಸೆರಗಿಗೆ ಒರೆಸುತ್ತ ಮಧ್ಯೆ ಬಾಯಿ ಹಾಕಿದಳು: “ಅಲ್ವೇ, ಬಿಸಿನೀರು ಹಾಕ್ಕೊಂಡಿದ್ರೆ ಎರಡು ಕಾಲಿಗೂ ಹಾಕ್ಕೋತಿದ್ಲಲ್ವೇ? ಒಂದೇ ಕಾಲಲ್ಲಿ ನಿಂತು ಮೀಯೋಕೆ ಇದೇನು ಕೊಕ್ಕರೆಯಾ?”

ಚಿಕ್ಕಮ್ಮ ಬಲಗಾಲು ನೋಡಿದಳು. ಬೆಣ್ಣೆ ಸವರಿದಂತಿತ್ತು. ಎಡಗಾಲಿನ ಒಳಮಗ್ಗುಲೂ ನುಣ್ಣಗಿತ್ತು. ಹೊರಮಗ್ಗುಲು ಮಾತ್ರ. ಅವಳ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು.

ಉಪ್ಪು, ಡಬ್ಬಿ, ಸೂಜಿ ಮೂರನ್ನೂ ವಶಪಡಿಸಿಕೊಂಡು, “ತಣ್ಣನೆ ಒದ್ದೆ ಬಟ್ಟೆ ಇಡಿ, ಬೇರೆ ಏನೂ ಮುಟ್ಟಿಸಬೇಡಿ” ಎಂದು ಹೇಳಿ, ಅವಳು ನೇರ ತನ್ನ ಕೋಣೆಗೆ ಬಂದಳು. ಬಾಗಿಲು ಹಾಕಿ, ಮಂಚದ ಪಕ್ಕ ನಿಂತಳು. ಮಲಗಿದವರ ಎಡಮಗ್ಗುಲು ಗೋಡೆಗೆ, ತಾನು ಬಲಗಡೆ. ಖಾಲಿ ಮಂಚದ ಮೇಲೆ ಒಂದು ದಿಂಬು ಇಟ್ಟು, ಅದನ್ನೇ ಎಡಗಾಲು ಎಂದುಕೊಂಡು, ಅದರಾಚೆಯ ಬದಿಗೆ ಪಟ್ಟಿ ಒತ್ತಿ ಎಳೆದು ನೋಡಿದಳು.

ಮೊದಲು ಮಂಚ ನಡುವೆ ಇದ್ದಾಗ ಅವಳು ಸುತ್ತಿ ಆ ಕಡೆಗೆ ಹೋಗುತ್ತಿದ್ದಳು. ಕಾಲಿನ ಕೂದಲು ಪಾದದ ಕಡೆಗೆ ಬೆಳೆಯುತ್ತದೆ. ಪಟ್ಟಿಯನ್ನು ಚರ್ಮಕ್ಕೆ ಒರಗಿಸಿಕೊಂಡು, ಮೊಣಕಾಲಿನ ಕಡೆಗೆ, ಒಂದೇ ಏಟಿಗೆ ಎಳೆಯಬೇಕು. ಆಗ ಕೂದಲು ಬೇರು ಸಮೇತ ಬರುತ್ತದೆ. ಇದು ಅವಳು ಕಲಿತ ಮೊದಲ ಪಾಠ. ಈಗ ಗೋಡೆ ಅಡ್ಡ. ಈ ಕಡೆಯಿಂದ ಬಗ್ಗಿ, ಕೈ ಚಾಚಿ, ಎಳೆದರೆ ಪಟ್ಟಿ ಬರುವುದು ಮೇಲಕ್ಕೆ, ತನ್ನ ಹೊಟ್ಟೆಯ ಕಡೆಗೆ. ಹಾಗೆ ಎಳೆದಾಗ ಕೂದಲು ಕೀಳುವುದಿಲ್ಲ, ಚರ್ಮದ ಮಟ್ಟದಲ್ಲಿ ತುಂಡಾಗುತ್ತದೆ. ಮೊಂಡು ತುಂಡು ಒಳಗೇ ಉಳಿದು, ದಾರಿ ತಪ್ಪಿ, ಅಲ್ಲೇ ಸುತ್ತಿಕೊಳ್ಳುತ್ತದೆ. ಕಾಲು ಹೊರಗೆ ನುಣ್ಣಗೆ ಕಾಣುವುದರಿಂದ ವಾರದ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅದರ ಮೇಲೆ, ಎಳೆಯುವ ಹೊತ್ತಿಗೆ ಕಣ್ಣು ಕಾಲಿನ ಮೇಲೆ ಇದ್ದರೆ ತಾನೆ?

ದಿಂಬನ್ನು ಪಕ್ಕಕ್ಕಿಟ್ಟು ಚಿಕ್ಕಮ್ಮ ಮಂಚದ ಅಂಚಿನಲ್ಲಿ ಕುಳಿತಳು. ಡೈರಿಯವಳು ಎತ್ತಿ ತೋರಿಸಿದ್ದು ಯಾವ ಕಾಲು? ಟೀಚರು? ಅಂಚೆಯವರ ಸೊಸೆ? ನೆನಪು ಮಾಡಿಕೊಂಡಷ್ಟೂ ಎಡಗಾಲುಗಳೇ ಸಾಲುಗಟ್ಟಿ ಬಂದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳು ಮೂರು ತಿಂಗಳು ಊರಿನ ನೀರು, ಹವೆ, ಪ್ಯಾಂಟು, ಹೆಂಗಸರ ಗುಣ ಎಲ್ಲವನ್ನೂ ಡೊಂಕು ಮಾಡಿ ಮುಗಿಸಿದ್ದಳು.

ಇದನ್ನು ಯಾರಿಗೂ ಹೇಳಬಾರದೆಂದು ತಕ್ಷಣ ತೀರ್ಮಾನಿಸಿದಳು. ತಪ್ಪು ತಿಳಿದ ಮೇಲೆ ಮನುಷ್ಯ ಮೊದಲು ಮಾಡುವ ಕೆಲಸ ಅದೇ ತಾನೆ?

ಪ್ರಾಯಶ್ಚಿತ್ತಕ್ಕೆ ಎಂಬಂತೆ, ಆ ಮೂರು ದಿನ ಅಕ್ಕನ ಮನೆಯಲ್ಲೇ ಬೀಡು ಬಿಟ್ಟಳು. ಗುಳ್ಳೆಗಳಿಗೆ ಮಾಡುವ ಕೆಲಸ ಬಹಳ ಇರಲಿಲ್ಲ: ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಡುವುದು, ಒಣಗಲು ಬಿಡುವುದು, ವಾಸನೆ ಇಲ್ಲದ ಕ್ರೀಮು ತೆಳ್ಳಗೆ ಸವರುವುದು, ಸುಮ್ಮನಿರುವುದು. ಆ ಮನೆಯಲ್ಲಿ ಕಷ್ಟವಾದದ್ದು ಕೊನೆಯದು. ಅಕ್ಕ ನಿಂಬೆಹಣ್ಣು ಹಿಡಿದು ಅಡುಗೆಮನೆಯಿಂದ ಬರುವಳು, ತಡೆಯಬೇಕು. ಭಾವ ಇನ್ನೊಂದು ಡಬ್ಬಿ ತಂದಿದ್ದ. ಅದನ್ನು ಹಸುಗಳಿಗೇ ಮೀಸಲಿಡಬೇಕು.

“ಬರೀ ಒದ್ದೆ ಬಟ್ಟೆ ಇಡೋಕೆ ಹದಿನಾಲ್ಕು ವರ್ಷ ಕಲೀಬೇಕಿತ್ತಾ?” ಎಂದ ಭಾವ.

“ಸುಮ್ನೆ ಇರೋದು ಕಲಿಯೋಕೆ ಅಷ್ಟು ವರ್ಷ ಬೇಕು ಭಾವ. ನಿಮಗೆ ಐವತ್ತಾದ್ರೂ ಬಂದಿಲ್ಲ.”

ಕಪ್ಪೆಯೊಬ್ಬಳೇ ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು, ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದಳು. ತುರಿಕೆ ಬಂದಾಗ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಿದ್ದಳು. ಮಂಗಳವಾರ ಸಂಜೆ ಕೇಳಿದಳು: “ನಾನು ಏನು ತಪ್ಪು ಮಾಡ್ದೆ ಚಿಕ್ಕಮ್ಮ? ನಿಜವಾಗ್ಲೂ ಗೊತ್ತಾಗ್ತಿಲ್ಲ.”

ಚಿಕ್ಕಮ್ಮ ಬಟ್ಟೆ ಹಿಂಡುವುದರಲ್ಲಿ ಬಹಳ ಮಗ್ನಳಾದಳು.

ಬುಧವಾರದ ಹೊತ್ತಿಗೆ ಕೆಂಪು ಇಳಿದಿತ್ತು. ಗುಳ್ಳೆಗಳು ಪೂರ್ತಿ ಹೋಗಿರಲಿಲ್ಲ. ಈಜುಕೊಳದ ಹೊಸ ಹೆಂಚುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಕೆಲಸಕ್ಕೆ ಬಂದವರು ಐದು ಜನ ಹುಡುಗಿಯರು. ಮಕ್ಕಳ ಹೆಸರು ಬರೆಸಲು ಬಂದ ತಾಯಂದಿರು ಅದಕ್ಕಿಂತ ಹೆಚ್ಚು. ಅದರಲ್ಲಿ ಅರ್ಧಕ್ಕರ್ಧ ತನ್ನ ಗಿರಾಕಿಗಳೇ ಎಂದು ಚಿಕ್ಕಮ್ಮನಿಗೆ ಮುಖ ನೋಡುವ ಮೊದಲೇ ತಿಳಿಯಿತು. ಡೈರಿಯವಳು ಮುಂದಿನ ಸಾಲಿನಲ್ಲೇ ಇದ್ದಳು.

ಕೊಳದ ಮೇಡಂ ಕುಳ್ಳಗೆ, ಗಟ್ಟಿಯಾಗಿ, ಕೊರಳಿಗೆ ಸೀಟಿ ಹಾಕಿಕೊಂಡಿದ್ದರು. ಇಪ್ಪತ್ತು ವರ್ಷ ನೀರಿನ ಆಚೆ ದಡಕ್ಕೆ ಕೇಳಿಸುವಂತೆ ಕೂಗಿ ಕೂಗಿ, ಈಗ ಗುಟ್ಟು ಹೇಳಿದರೂ ಆಚೆ ದಡಕ್ಕೆ ಕೇಳಿಸುತ್ತಿತ್ತು. ಕಪ್ಪೆಯ ಸರದಿ ಬಂತು. ಮೇಡಂ ಕನ್ನಡಕ ಏರಿಸಿ ಬಗ್ಗಿದರು.

“ಏನಿದು? ಚರ್ಮರೋಗ! ಪಕ್ಕಕ್ಕೆ ನಿಲ್ಲಮ್ಮ. ಮುಂದಿನವರು!”

“ರೋಗ ಅಲ್ಲ ಮೇಡಂ...” ಎಂದಳು ಕಪ್ಪೆ.

ಚಿಕ್ಕಮ್ಮ ನುಗ್ಗಿ ಮುಂದೆ ಬಂದಳು. “ರೋಗ ಅಲ್ಲ ಮೇಡಂ. ವ್ಯಾಕ್ಸಿಂಗ್ ಮಾಡಿದ್ದು. ನಾನೇ ಪಾರ್ಲರ್ ನಡೆಸೋಳು, ಹದಿನಾಲ್ಕು ವರ್ಷದಿಂದ. ಕೂದಲು ಒಳಗೇ ಸುತ್ಕೊಂಡಿದೆ, ಅಷ್ಟೇ. ಕೀವಿಲ್ಲ, ಗಾಯ ಇಲ್ಲ, ಯಾರಿಗೂ ಅಂಟಲ್ಲ. ನೋಡಿ ಬೇಕಾದ್ರೆ.”

ಮೇಡಂ ಮತ್ತೊಮ್ಮೆ ಬಗ್ಗಿ, ಹತ್ತಿರದಿಂದ, ಬಹಳ ಹೊತ್ತು ನೋಡಿದರು. “ಹೂಂ. ಕೂದಲೇನೋ ಕಾಣ್ತಿದೆ. ಯಾಕೆ ಹೀಗಾಯ್ತು?”

ಅವರ ಹಿಂದೆ ಹೆಂಗಸರೆಲ್ಲ ಕತ್ತು ಚಾಚಿ ನಿಂತಿದ್ದರು. ಚಿಕ್ಕಮ್ಮನ ನಾಲಿಗೆ, ಪಳಗಿದ ಎತ್ತು ಮನೆದಾರಿ ಹಿಡಿಯುವಂತೆ, ತಾನೇ ಹೊರಟಿತು: “ಹೇಳಿದ ಹಾಗೆ ಇರಲ್ಲ ಮೇಡಂ ಈಗಿನ ಹುಡುಗೀರು. ಎರಡು ದಿನ ಬೇಡ ಅಂದ್ರೂ ಬಿಸಿನೀರು ಹಾಕ್ಕೊಂಡಿರ್ತಾಳೆ.”

ಕಪ್ಪೆ ತಿರುಗಿ ನೋಡಿದಳು.

ಮೇಡಂ ನೆಟ್ಟಗೆ ನಿಂತು ಪೆನ್ನು ತೆಗೆದರು. “ರೋಗ ಅಲ್ಲ ಅಂತ ಒಪ್ಪಿದೆ. ಆದ್ರೆ ಎರಡು ದಿನ ಒಂದು ನಿಯಮ ಪಾಲಿಸೋಕೆ ಆಗದ ಹುಡುಗಿ ಕೈಗೆ ಮೂವತ್ತು ಮಕ್ಕಳನ್ನ ಕೊಟ್ಟು ನೀರಿಗೆ ಬಿಡಲಾ? ತನ್ನ ಕಾಲನ್ನೇ ಜೋಪಾನ ಮಾಡದೋಳು ಊರ ಮಕ್ಕಳನ್ನ ಜೋಪಾನ ಮಾಡ್ತಾಳಾ? ಬೇಡಮ್ಮ. ಮುಂದಿನವರು.”

ಪೆನ್ನು ಹೆಸರುಗಳ ಪಟ್ಟಿಯ ಮೇಲೆ ಇಳಿಯುತ್ತಿತ್ತು. ಆ ಪೆನ್ನಿಗೂ ಕಾಗದಕ್ಕೂ ನಡುವಿನ ಜಾಗದಲ್ಲಿ ಚಿಕ್ಕಮ್ಮನಿಗೆ ಬಹಳ ಸಂಗತಿಗಳು ಕಂಡವು. ಹನ್ನೊಂದು ಹಸು. ಎದುರಿನ ಗಾಜಿನ ಬಾಗಿಲು. ಸುತ್ತ ನಿಂತ ಇಷ್ಟು ಜನರಲ್ಲಿ ಒಬ್ಬಳು ಕೇಳಿಸಿಕೊಂಡರೆ ಸಂಜೆಯೊಳಗೆ ಊರು ಪೂರ್ತಿ ಕೇಳುತ್ತದೆ. ಇಲ್ಲಿ ಇಪ್ಪತ್ತು ಜನ ಇದ್ದರು.

“ಮೇಡಂ, ನಿಲ್ಲಿ. ಅವಳು ಬಿಸಿನೀರು ಹಾಕ್ಕೊಂಡಿಲ್ಲ.”

“ಈಗ ತಾನೆ ಹೇಳಿದ್ರಿ?”

“ಬಾಯಿ ಚಟಕ್ಕೆ ಹೇಳ್ದೆ. ಅವಳು ಎಲ್ಲ ನಿಯಮ ಪಾಲಿಸಿದ್ದಾಳೆ. ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾಳೆ. ತಪ್ಪು ನಂದು. ಪಟ್ಟಿ ಎಳೆದಿದ್ದು ಸರಿ ಇರ್ಲಿಲ್ಲ.”

“ಹದಿನಾಲ್ಕು ವರ್ಷದಿಂದ ಅಂದ್ರಿ. ಹೇಗೆ ತಪ್ಪುತ್ತೆ?”

ಚಿಕ್ಕಮ್ಮ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದಳು: “ಮಂಚ ಗೋಡೆಗೆ ಅಂಟಿದೆ. ಎಡಗಾಲಿನ ಆಚೆ ಬದಿಗೆ ಕೈ ನೆಟ್ಟಗೆ ಹೋಗಲ್ಲ. ಕೂದಲು ಕೀಳೋ ಬದಲು ತುಂಡಾಗುತ್ತೆ.”

ಮೇಡಂ ಒಂದು ಹಾಳೆ ಹರಿದು ಚಾಚಿದರು. “ಬರೆದು ಕೊಡಿ. ಸಹಿ ಮಾಡಿ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಾಗದ ಇರ್ಬೇಕು.”

ಚಿಕ್ಕಮ್ಮ ಬರೆದಳು. ಮೂರೇ ಸಾಲು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರೆ, ಮೇಡಂ ಅದನ್ನು ಬಿಚ್ಚಿ, ಎಲ್ಲ ದಾಖಲೆಗಳನ್ನೂ ಓದುವಂತೆ, ಗಟ್ಟಿಯಾಗಿ ಓದಿದರು. ಆಚೆ ದಡದಲ್ಲಿ ಕೊಳದ ಕಸ ಬಳಿಯುತ್ತಿದ್ದಾತ ಕೂಡ ಬಲೆ ನಿಲ್ಲಿಸಿ ಕೇಳಿದ: “‘ಈ ಹುಡುಗಿಗೆ ಯಾವ ರೋಗವೂ ಇಲ್ಲ. ನನ್ನ ಪಾರ್ಲರಿನ ಮಂಚವನ್ನು ಮೂರು ತಿಂಗಳಿಂದ ಗೋಡೆಗೆ ಹಾಕಿರುವುದರಿಂದ ಎಡಗಾಲಿಗೆ ಪಟ್ಟಿ ತಪ್ಪಾಗಿ ಎಳೆದಿದ್ದೇನೆ. ತಪ್ಪು ನನ್ನದು, ಹುಡುಗಿಯದಲ್ಲ.’ ಮೂರು ತಿಂಗಳಿಂದ ಅಂತ ಇದೆ. ಸರಿನಾ?”

“ಸರಿ” ಎಂದಳು ಚಿಕ್ಕಮ್ಮ, ಹೆಂಚು ನೋಡುತ್ತ.

“ಯಾಕೆ ಗೋಡೆಗೆ ಹಾಕಿದ್ರಿ?”

“ಗಾಳಿ ಬೆಳಕಿಗೆ” ಎಂದಳು. ಒಂದೇ ದಿನಕ್ಕೆ ಎಷ್ಟೆಂದು ನಿಜ ಹೇಳುವುದು?

ಮೇಡಂ ಕಾಗದ ಒಳಗಿಟ್ಟು ಕಪ್ಪೆಯ ಕಡೆ ತಿರುಗಿದರು. “ನಾಲ್ಕು ಸುತ್ತು. ಆಮೇಲೆ ತಳದಿಂದ ಇಟ್ಟಿಗೆ ಎತ್ತಿ ತರೋದು. ಈಜಿದ ಮೇಲೆ ಒಳ್ಳೇ ನೀರಲ್ಲಿ ಕಾಲು ತೊಳ್ಕೋ. ಹೋಗು.” ಸೀಟಿ ಊದಿದರು. ಕಪ್ಪೆ ಹಾರಿದಳು.

ಚಿಕ್ಕಮ್ಮ ನೋಡಬೇಕೆಂದು ಕಟ್ಟೆಯ ಹತ್ತಿರ ಬಂದಳು. ಮೊದಲ ಸುತ್ತು ಅರ್ಧ ಆಗಿತ್ತಷ್ಟೇ, ಯಾರೋ ಭುಜ ಹಿಡಿದು ತಿರುಗಿಸಿದರು. ಡೈರಿಯವಳು.

“ಅಕ್ಕ, ಹಾಗಾದ್ರೆ ಇಡೀ ಚಳಿಗಾಲ ನಾನು ತಣ್ಣೀರು ಸುರ್ಕೊಂಡಿದ್ದೆಲ್ಲ ದಂಡಾನಾ?”

ಚಿಕ್ಕಮ್ಮ ಮತ್ತೆ ಕೊಳದ ಕಡೆ ತಿರುಗಹೋದಳು. ಡೈರಿಯವಳು ಬಿಡಲಿಲ್ಲ.

“ಬೆಳಿಗ್ಗೆ ನಾಲ್ಕೂವರೆಗೆ ಅಕ್ಕ! ಹಾಲಿನ ಗಾಡಿ ಬರೋಕೆ ಮುಂಚೆ! ನಮ್ಮನೆಯವ್ರು ಇವಳೇನೋ ವ್ರತ ಹಿಡಿದಿದ್ದಾಳೆ ಅಂತ ಹೆದರ್ಕೊಂಡು ನನ್ನ ಜೊತೆ ಜಗಳ ಆಡೋದೇ ಬಿಟ್ಟಿದ್ರು.”

“ಅಷ್ಟಾದ್ರೂ ಒಳ್ಳೇದಾಯ್ತಲ್ಲ” ಎಂದು ಹಿಂದಿನಿಂದ ಅಂಚೆಯವರ ಸೊಸೆ ಹೇಳಿದಳು. “ನಾನು ಹೊಸ ಪ್ಯಾಂಟು ನಾಲ್ಕನ್ನೂ ತಂಗಿಗೆ ಕೊಟ್ಬಿಟ್ಟೆ. ಬಿಗಿ ಅಂದ್ರಲ್ಲ ನೀವು. ಈಗ ಅವಳು ವಾಪಸ್ ಕೊಡ್ತಾಳಾ?”

“ನಾನು ಎದುರುಗಡೆ ಹೋಗಿದ್ದು ಅದಕ್ಕೇ” ಎಂದು ಟೀಚರು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ತಾವೇ ಒಪ್ಪಿಕೊಂಡರು. “ಅಲ್ಲಿ ಯಾರೂ ನನ್ನನ್ನ ಬೈಯಲ್ಲ. ಎಳೆಯೋಕೆ ಮಾತ್ರ ಬರಲ್ಲ ಆ ಹುಡುಗಿಗೆ. ಎರಡು ಕಾಲಿಗೂ ಆಗಿದೆ.”

ನಗು ಎದ್ದಿತು. ಚಿಕ್ಕಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಡೈರಿಯವಳು ಆಗಲೇ ಪಕ್ಕದ ಕಟ್ಟೆಯ ಮೇಲೆ ಕಾಲಿಟ್ಟು ಬಟ್ಟೆ ಸರಿಸಿದ್ದಳು. “ಈಗ ಸರಿಯಾಗಿ ನೋಡಿ. ನನ್ನ ತಪ್ಪು ಹುಡುಕಬೇಡಿ, ಕಾಲು ನೋಡಿ.”

ಚಿಕ್ಕಮ್ಮ ನೋಡಿದಳು. ಹಳೆಯ ಗುಳ್ಳೆಗಳು ಕಪ್ಪು ಕಲೆಯಾಗಿದ್ದವು. ಎರಡು ಇನ್ನೂ ಊದಿದ್ದವು. ಒಂದರಲ್ಲಿ ಕೀವು ಕಂಡಿತು. “ಇದನ್ನ ಚುಚ್ಚಿದ್ರಾ?” ಎಂದು ಬಾಯಿಗೆ ಬಂದದ್ದನ್ನು ಹಲ್ಲಿನ ಹಿಂದೆಯೇ ತಡೆದು, “ಇದನ್ನ ಆಸ್ಪತ್ರೇಲಿ ತೋರಿಸಿ. ಇದು ನನ್ನ ಕೈಲಿ ಆಗೋದಲ್ಲ. ಉಳಿದದ್ದು ವಾಸಿ ಆಗೋವರೆಗೂ ವ್ಯಾಕ್ಸಿಂಗ್ ಬೇಡ” ಎಂದಳು. ಆಕೆ ಕಾಲು ಇಳಿಸುವ ಮೊದಲೇ ಆ ಜಾಗಕ್ಕೆ ಅಂಚೆಯವರ ಸೊಸೆಯ ಕಾಲು ಬಂತು. ಅದರ ಹಿಂದೆ ಟೀಚರದು. ಟೀಚರು ಎರಡನ್ನೂ ತೋರಿಸಿದರು.

ಹಿಂದೆ ನೀರು ಸೀಳುವ ಸದ್ದು ಒಮ್ಮೆ ಹತ್ತಿರ ಬಂದು, ಒಮ್ಮೆ ದೂರ ಹೋಗುತ್ತಿತ್ತು. ಮಕ್ಕಳು ಎಣಿಸುತ್ತಿದ್ದರು. ಎರಡು ಎಂದರು. ಮೂರು ಎಂದರು. ಚಿಕ್ಕಮ್ಮ ತಿರುಗಲು ನೋಡಿದಾಗಲೆಲ್ಲ ಇನ್ನೊಂದು ಕಾಲು ಎದುರಿಗೆ ಬರುತ್ತಿತ್ತು. “ಅಯ್ಯೋ ಬಿಡ್ರೇ, ನನ್ನ ಮಗು ಈಜ್ತಿದೆ” ಎಂದಳು. “ಈಜ್ಲಿ ಬಿಡಿ, ನೀವು ನೋಡಿದ್ರೆ ತೇಲ್ತಾಳಾ?” ಎಂದರು. ಕೊನೆಗೆ ಮಕ್ಕಳೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು, ಯಾವುದೋ ಭಾರವಾದದ್ದು ಹೆಂಚಿನ ಮೇಲೆ ಟಪ್ಪೆಂದು ಬಿತ್ತು. ಅದು ಇಟ್ಟಿಗೆ.

“ಸೋಮವಾರ ಆರು ಗಂಟೆಗೆ ಬಾ!” ಎಂದು ಮೇಡಂ ಕಪ್ಪೆಯ ಪಕ್ಕದಲ್ಲೇ ನಿಂತು, ಆಚೆ ಊರಿಗೆ ಕೇಳುವಂತೆ ಹೇಳಿದರು. “ಆ ನೋಟ್‌ಬುಕ್ಕೂ ತಗೊಂಡು ಬಾ. ಮಕ್ಕಳ ನಿಯಮ ಅದರಲ್ಲೇ ಬರ್ಕೊಳ್ಳುವಂತೆ.”

ಕಪ್ಪೆ ನೀರು ಸುರಿಸುತ್ತ ಹೆಂಗಸರ ನಡುವೆ ನುಸುಳಿ ಬಂದಳು. ಕಣ್ಣು ಕೆಂಪಗಾಗಿದ್ದವು, ನೀರಿಗೋ ಯಾವುದಕ್ಕೋ.

“ನೋಡಿದ್ಯಾ ಚಿಕ್ಕಮ್ಮ? ಕೊನೇ ಸುತ್ತು ನೋಡಿದ್ಯಾ?”

ಚಿಕ್ಕಮ್ಮನ ಒಂದು ಕೈಯಲ್ಲಿ ಟೀಚರ ಬಲಗಾಲು ಇತ್ತು.

“ಇಲ್ಲ ಕಣೇ” ಎಂದಳು. “ಒಂದು ಸುತ್ತೂ ನೋಡೋಕೆ ಬಿಡ್ಲಿಲ್ಲ ಇವ್ರು.”